ಅಡಿಗೆಯವಳೋ, ಅರ್ಧಾಂಗಿಯೋ?

ಬೀದರಿನ ಗಾಂಧಿ ಗಂಜಿನಲ್ಲಿ ವಾಸವಾಗಿರುವವರಿಗೆ ಅನ್ನದ ವಿಷಯವು ಹೊಸದಲ್ಲ. ಬೆಳಗಾಯಿತೆಂದರೆ ತೊಗರಿ, ಉದ್ದು, ಹೆಸರು, ಕಡಲೆ, ಸೋಯಾ, ಬಿಳಿಜೋಳಗಳ ಚೀಲಗಳು ಬಂದು ಬೀಳುವುವು. ಹಮಾಲರ ಕೂಗು, ಸವಾಲಿನ ಕೂಗು, ತೂಕದವರ ಕೂಗು ಒಂದರೊಳಗೊಂದು ಕಲೆತು ಮಧ್ಯಾಹ್ನದವರೆಗೂ ಕಿವಿಗೆ ಬಿಡುವಿರುವುದಿಲ್ಲ. ಅಡತಿ ಅಂಗಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದ ನಾನು ತೊಗರಿಯನ್ನು ಅಂಗೈಯಲ್ಲಿ ಹಿಡಿದು ಅದರ ಧಾರಣೆಯನ್ನು ಹೇಳಬಲ್ಲೆನು. ಆದರೆ ಅದೇ ತೊಗರಿ ನನ್ನ ಮನೆಯ ಒಲೆಯ ಮೇಲೆ ಎಷ್ಟು ಹೊತ್ತು ಬೇಯುವುದು, ಯಾರ ಕೈಯಿಂದ ಬೇಯುವುದು ಎಂಬ ಲೆಕ್ಕವನ್ನು ಇದುವರೆಗೆ ಇಟ್ಟವನಲ್ಲ. ಈ ಮಾತನ್ನು ಬರೆಯುವ ಸಂದರ್ಭ ಒದಗಿದುದು ಒಂದು ಫ್ರೆಂಚ್ ಚಲಚ್ಚಿತ್ರದಿಂದ.

ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ತಮ್ಮನ ಮಗನು ಕಳೆದ ಕಾರ್ತಿಕದಲ್ಲಿ ರಜೆಗೆಂದು ಬಂದಾಗ, “ಕಾಕಾ, ಅಡಿಗೆಯದೇ ಒಂದು ಸಿನೆಮಾ ಇದೆ, ಅಜ್ಜಿ ನೋಡಬೇಕು” ಎಂದು ಹಟ ಹಿಡಿದನು. ಭಾನುವಾರ ಸಂಜೆ ಪಡಸಾಲೆಯಲ್ಲಿ ಟೆಲಿವಿಷನ್ನಿಗೆ ತನ್ನ ಯಂತ್ರವನ್ನು ಜೋಡಿಸಿದನು. ನನ್ನ ತಾಯಿ, ವಯಸ್ಸು ಎಪ್ಪತ್ತನಾಲ್ಕು, ಮೊಳಕಾಲು ನೋವಿನಿಂದ ಕುರ್ಚಿಯ ಮೇಲೆ. ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿರುವ ನನ್ನ ಮಡದಿ ಪರೀಕ್ಷೆಯ ಕಾಗದಗಳನ್ನು ತೊಡೆಯ ಮೇಲಿಟ್ಟುಕೊಂಡು. ನೆರೆಮನೆಯ ವೈನಿಯವರು ಬಾಗಿಲ ಬಳಿ. ಗಂಜಿನ ನನ್ನ ಹಳೆಯ ಸ್ನೇಹಿತರಾದ ವ್ಯಾಪಾರಿಯೊಬ್ಬರು, ಚಹಕ್ಕೆಂದು ಬಂದವರು, ಲೋಡಿಗೆ ಒರಗಿಕೊಂಡು. ಇಷ್ಟೇ ನಮ್ಮ ಪ್ರೇಕ್ಷಕಮಂಡಲಿ. ಪರದೆಯ ಕೆಳಗೆ ಮೂಡುವ ಇಂಗ್ಲಿಷ್ ಅಕ್ಷರಗಳನ್ನು ಓದಿ ಕನ್ನಡದಲ್ಲಿ ಹೇಳುವ ಭಾರ ಹುಡುಗನದು.

ಚಿತ್ರದ ಹೆಸರು ಫ್ರೆಂಚಿನಲ್ಲಿ ‘ಲಾ ಪಾಸ್ಯೋಂ ದ ದೋದಾಂ ಬೂಫಾಂ’. ಹೊರದೇಶಗಳಲ್ಲಿ ‘ದಿ ಟೇಸ್ಟ್ ಆಫ್ ಥಿಂಗ್ಸ್’ ಎಂದು ಪ್ರಸಿದ್ಧವಾಯಿತು. ನಿರ್ದೇಶಕನು ತ್ರಾನ್ ಆನ್ ಹುಂಗ್. 1962ರಲ್ಲಿ ವಿಯೆಟ್ನಾಮಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಫ್ರಾನ್ಸಿಗೆ ಬಂದು ನೆಲೆಸಿದವನು. 1993ರಲ್ಲಿ ‘ಹಸಿರು ಪಪ್ಪಾಯಿಯ ಪರಿಮಳ’ ಎಂಬರ್ಥದ ಹೆಸರಿನ ಚಿತ್ರವನ್ನು ತೆಗೆದು ಮೊದಲ ಹೆಜ್ಜೆಯಲ್ಲಿಯೇ ಕಾನ್ ಚಿತ್ರೋತ್ಸವದ ಬಹುಮಾನವನ್ನು ಪಡೆದನು. ಆ ಚಿತ್ರದ ನಾಯಕಿಯೂ ಮನೆಗೆಲಸದ ಹುಡುಗಿಯೇ. ಈ ಹೊಸ ಚಿತ್ರಕ್ಕೆ ಆಧಾರವಾದುದು ಮಾರ್ಸೆಲ್ ರೂಫ್ ಎಂಬಾತನು 1924ರಲ್ಲಿ ಪ್ರಕಟಿಸಿದ ಕಾದಂಬರಿ. ಅದು ತೊಡಗುವುದೇ ಅಡಿಗೆಯವಳ ಮರಣದಿಂದ. ನಿರ್ದೇಶಕನಾದರೋ ಅವಳು ಬದುಕಿದ್ದ ಕಾಲವನ್ನು ತಾನೇ ಕಲ್ಪಿಸಿ ಚಿತ್ರಿಸಿರುವನು.

ಕಥೆ ದೊಡ್ಡದೇನೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗ. ಫ್ರಾನ್ಸಿನ ಹಳ್ಳಿಯಲ್ಲಿ ಒಂದು ದೊಡ್ಡ ಮನೆ. ಮನೆಯ ಯಜಮಾನನಾದ ದೋದಾಂ ರುಚಿಯ ವಿಷಯದಲ್ಲಿ ಮಹಾಪಂಡಿತನೆಂದು ಹೆಸರಾದವನು. ಅವನ ಅಡಿಗೆಮನೆಯನ್ನು ಇಪ್ಪತ್ತು ವರ್ಷಗಳಿಂದ ನಡೆಸುತ್ತಿರುವವಳು ಯೂಜೆನಿ. ಇಬ್ಬರಲ್ಲಿಯೂ ಅನುರಾಗವಿದೆ, ಮದುವೆ ಮಾತ್ರ ಇಲ್ಲ. ಅವನು ಕೇಳುತ್ತಲೇ ಇರುವನು, ಅವಳು ನಗುತ್ತ ಮಾತು ಮರೆಸುತ್ತಲೇ ಇರುವಳು. ಯೂಜೆನಿಯಾಗಿ ಜೂಲಿಯೆಟ್ ಬಿನೋಷ್, ದೋದಾಂ ಆಗಿ ಬೆನ್ವಾ ಮಾಜಿಮೆಲ್ ಅಭಿನಯಿಸಿರುವರು. ಈ ಇಬ್ಬರು ನಟರು ನಿಜಜೀವನದಲ್ಲಿ ಒಂದು ಕಾಲಕ್ಕೆ ಜತೆಯಾಗಿದ್ದು, ಮಗಳನ್ನು ಪಡೆದು, ಬಳಿಕ ಬೇರೆಯಾದವರು. ಅಲ್ಲಿಯ ಪ್ರೇಕ್ಷಕರು ಚಿತ್ರವನ್ನು ಅಷ್ಟು ಕುತೂಹಲದಿಂದ ನೋಡಿದುದಕ್ಕೆ ಇದೂ ಒಂದು ಕಾರಣವಾಗಿರಬೇಕು. ಪಾಕಕ್ಕೆ ಸಲಹೆಗಾರನಾಗಿ ನಿಂತವನು ಪಿಯೇರ್ ಗಾನ್ಯೇರ್ ಎಂಬ ಪ್ರಖ್ಯಾತ ಪಾಕಪ್ರವೀಣನು. ಅವನು ಚಿತ್ರದಲ್ಲಿ ಒಂದು ಸಣ್ಣ ಪಾತ್ರವನ್ನೂ ವಹಿಸಿರುವನು.

2023ರ ಮೇ ತಿಂಗಳಲ್ಲಿ ಕಾನ್ ಉತ್ಸವದಲ್ಲಿ ಈ ಚಿತ್ರವು ಶ್ರೇಷ್ಠ ನಿರ್ದೇಶನದ ಪ್ರಶಸ್ತಿಯನ್ನು ಪಡೆಯಿತು. ಆ ವರ್ಷವೇ ಫ್ರಾನ್ಸ್ ದೇಶವು ಆಸ್ಕರ್ ಸ್ಪರ್ಧೆಗೆ ತನ್ನ ಪರವಾಗಿ ಇದನ್ನೇ ಆರಿಸಿತು. ಅಲ್ಲಿಂದ ಜಗಳ ಪ್ರಾರಂಭವಾಯಿತು. ಅದೇ ಕಾನ್ ಉತ್ಸವದ ಅತ್ಯುಚ್ಚ ಪ್ರಶಸ್ತಿಯನ್ನು ಪಡೆದಿದ್ದ ‘ಅನಾಟಮಿ ಆಫ್ ಎ ಫಾಲ್’ ಎಂಬ ಚಿತ್ರವನ್ನು ಬಿಟ್ಟು ಅಡಿಗೆಯ ಚಿತ್ರವನ್ನು ಕಳುಹಿಸಿದುದೇಕೆಂದು ಬಹು ಜನ ಕೇಳಿದರು. ಕಳುಹಿಸಿದ ಚಿತ್ರವು ಹದಿನೈದರ ಪಟ್ಟಿಯನ್ನು ಸೇರಿತೇ ಹೊರತು ಕೊನೆಯ ಐದರಲ್ಲಿ ಬರಲಿಲ್ಲ. ಬಿಟ್ಟ ಚಿತ್ರವು ಬೇರೆ ದಾರಿಯಿಂದ ಹೋಗಿ 2024ರಲ್ಲಿ ಚಿತ್ರಕಥೆಗೆ ಆಸ್ಕರ್ ತಂದಿತು. ಹೊರನಾಡಿನ ವಿಮರ್ಶಕರು ಈ ಚಿತ್ರವನ್ನು ಮುಕ್ತಕಂಠದಿಂದ ಹೊಗಳಿದರು. ಹಸಿದ ಹೊಟ್ಟೆಯಲ್ಲಿ ನೋಡಬೇಡಿರೆಂದು ಎಚ್ಚರಿಸಿದವರೂ ಉಂಟು. ಸ್ವದೇಶದಲ್ಲಿಯೇ ಕೆಲವರು ಮೂಗು ಮುರಿದರು. ಎರಡು ಗಂಟೆ ಹದಿನೈದು ನಿಮಿಷದವರೆಗೆ ಸೌಟು ಆಡಿಸುವುದನ್ನು ನೋಡುವುದೇ, ನಡೆಯುವುದೇನೂ ಇಲ್ಲವಲ್ಲ ಎಂಬುದು ಬೇಸತ್ತವರ ದೂರು.

ನಮ್ಮ ಪಡಸಾಲೆಯಲ್ಲಿ ಈ ಎರಡು ಪಕ್ಷಗಳೂ ಹದಿನೈದು ನಿಮಿಷದೊಳಗೆ ಹುಟ್ಟಿಕೊಂಡುವು. ಚಿತ್ರದ ಮೊದಲ ಅರ್ಧ ಗಂಟೆಯಷ್ಟೂ ಒಂದೇ ಅಡಿಗೆ. ತೋಟದಿಂದ ಕಾಯಿಪಲ್ಲೆ ಬರುವುದು, ಒಲೆ ಹೊತ್ತುವುದು, ತಾಮ್ರದ ಪಾತ್ರೆಗಳು ಏರುವುವು, ಇಳಿಯುವುವು, ಸಾರು ಸೋಸುವುದು, ಕಟ್ಟು ತಿಳಿಯಾಗುವುದು. ಹಿನ್ನೆಲೆಯಲ್ಲಿ ಸಂಗೀತವೆಂಬುದಿಲ್ಲ. ಹಕ್ಕಿಗಳ ಧ್ವನಿ, ಬೆಣ್ಣೆ ಚುರುಗುಟ್ಟುವ ಧ್ವನಿ, ಬೂಟಿನ ಸಪ್ಪಳ, ಇಷ್ಟೇ. ನಮ್ಮ ವ್ಯಾಪಾರಿ ಸ್ನೇಹಿತರು ಇದರೊಳಗೆ ನಿದ್ರಾಧೀನರಾದರು. ನಮ್ಮದು ಮಾಂಸ ಮುಟ್ಟದ ಮನೆ, ಮೀನೂ ಕರುವಿನ ಮಾಂಸವೂ ಪರದೆಯ ಮೇಲೆ ಬಂದಾಗಲೆಲ್ಲ ವೈನಿಯವರು ಸೆರಗನ್ನು ಕಣ್ಣಿಗೆ ಅಡ್ಡ ಹಿಡಿದು, “ಹೋಯಿತೇನು? ಹೋಯಿತೇನು?” ಎಂದು ಕೇಳುತ್ತಿದ್ದರು. ನನ್ನ ತಾಯಿ ಮಾತ್ರ ಕಣ್ಣು ಮಿಟುಕಿಸಲಿಲ್ಲ. ಪಾತ್ರೆಯಲ್ಲಿ ಏನಿದೆಯೆಂಬುದನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಯೂಜೆನಿಯ ಕೈಯನ್ನೇ ನೋಡುತ್ತಿದ್ದರು.

“ಆಕಿಗಿ ಬೆನ್ನು ನೋಯಲಾಕ ಹತ್ಯದ,” ಎಂದರು ಸ್ವಲ್ಪ ಹೊತ್ತಿನ ಮೇಲೆ.

ಹಾಗೆಂದು ಯಾರೂ ಹೇಳಿರಲಿಲ್ಲ. ಹುಡುಗನು ಓದಿದ ಅಕ್ಷರಗಳಲ್ಲಿಯೂ ಇರಲಿಲ್ಲ. ಯೂಜೆನಿ ಒಂದು ಗಳಿಗೆ ಮೇಜಿಗೆ ಕೈಯೂರಿ ನಿಂತಿದ್ದಳು, ಅಷ್ಟೇ. ಅವಳಿಗೆ ಯಾವುದೋ ವ್ಯಾಧಿ ಇದೆಯೆಂಬುದು ನಮಗೆ ತಿಳಿದುಬಂದುದು ಬಹಳ ಮುಂದೆ. ನನ್ನ ತಾಯಿಗೆ ಅದು ಮೊದಲೇ ಗೊತ್ತಾಗಿತ್ತು. ಐವತ್ತು ವರ್ಷ ಒಲೆಯ ಮುಂದೆ ನಿಂತವರಿಗೆ ಇನ್ನೊಬ್ಬಳು ನಿಂತ ರೀತಿಯೇ ಎಲ್ಲವನ್ನೂ ಹೇಳುವುದೆಂದು ಕಾಣುತ್ತದೆ.

ಅಡಿಗೆ ಮುಗಿದು ಗೆಳೆಯರ ಪಂಕ್ತಿ ಕುಳಿತಾಗ ಯೂಜೆನಿ ಅಲ್ಲಿರುವುದಿಲ್ಲ, ಅಡಿಗೆಮನೆಯಲ್ಲಿಯೇ ಇದ್ದುಬಿಡುವಳು. ಗೆಳೆಯರು ಅವಳಿದ್ದಲ್ಲಿಗೆ ಬಂದು, ನಮ್ಮೊಡನೆ ಊಟಕ್ಕೆ ಏಕೆ ಕೂಡುವುದಿಲ್ಲವೆಂದು ಕೇಳುವರು. ನೀವು ಉಣ್ಣುವುದರ ಮೂಲಕವೇ ನಾನು ನಿಮ್ಮೊಡನೆ ಮಾತನಾಡುತ್ತೇನೆಂಬ ಅರ್ಥದ ಉತ್ತರವನ್ನು ಅವಳು ಕೊಡುವಳು. ಹೊರದೇಶದ ಪತ್ರಿಕೆಗಳು ಈ ಮಾತನ್ನು ಬಹಳ ಮೆಚ್ಚಿಕೊಂಡಿರುವುವು. ನನ್ನ ಮಡದಿ ಮೆಚ್ಚಲಿಲ್ಲ. “ಚೆಂದದ ಮಾತು. ಆದರೆ ಕುರ್ಚಿ ಒಂದು ಕಡಿಮೆಯೇ ಇತ್ತು, ನೋಡಿದಿರಾ?” ಎಂದು ಕಾಗದಗಳಿಂದ ತಲೆಯೆತ್ತದೆಯೇ ಅಂದಳು.

ಇಲ್ಲಿ ನಮ್ಮ ಜಿಲ್ಲೆಯ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ದೋದಾಂ ಎಂಬ ರಸಿಕನನ್ನು ನೋಡಿದಾಗ ನನಗೆ ನೆನಪಾದವನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು. ಇಂದಿನ ಬಸವಕಲ್ಯಾಣದಿಂದ 1126ರ ಬಳಿಕ ಹನ್ನೆರಡು ವರ್ಷ ಆಳಿದ ಈತನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಮಹಾಗ್ರಂಥವನ್ನು ರಚಿಸಿದನು. ಅದರ ಅನ್ನಭೋಗದ ಪ್ರಕರಣದಲ್ಲಿ ಇಡ್ಡರಿಕಾ, ಧೋಸಕ, ಮಂಡಕಗಳಿಂದ ಮೊದಲ್ಗೊಂಡು ಬಗೆಬಗೆಯ ಮಾಂಸದ ಪಾಕಗಳವರೆಗೆ ಎಲ್ಲವೂ ಇರುತ್ತದೆ. ನಮ್ಮ ಇಡ್ಲಿ ದೋಸೆಗಳ ಪೂರ್ವಜರನ್ನು ವಿದ್ವಾಂಸರು ಅಲ್ಲಿ ಗುರುತಿಸುವರು. ಎಂಟುನೂರು ತೊಂಬತ್ತು ವರ್ಷಗಳಾಗಿ ಗ್ರಂಥ ಉಳಿದಿದೆ, ದೊರೆಯ ಹೆಸರು ಉಳಿದಿದೆ. ಅದನ್ನೆಲ್ಲ ಹುರಿದವರು, ಕುದಿಸಿದವರು ಯಾರು? ಬೀದರಿನ ಕೋಟೆಯೊಳಗೂ ಅರಸರ ಹಮಾಮಿನ ಹತ್ತಿರ ಷಾಹಿ ಮತ್ಬಖ್, ಎಂದರೆ ಅರಮನೆಯ ಅಡಿಗೆಯ ಮನೆ, ಎಂದು ತೋರಿಸುವ ಕಟ್ಟಡವೊಂದಿದೆ. ಸುಲ್ತಾನರ ಹೆಸರುಗಳನ್ನು ಸಾಲಾಗಿ ಹೇಳುವ ನಾವು ಅಲ್ಲಿಯ ಒಬ್ಬ ಬಾಣಸಿಗನ ಹೆಸರನ್ನಾದರೂ ಕೇಳಿದ್ದೇವೆಯೇ?

ಚಿತ್ರದಲ್ಲಿಯೂ ಕೀರ್ತಿ ಯಜಮಾನನದು. ಆದುದರಿಂದಲೇ ಒಬ್ಬ ರಾಜಕುಮಾರನು ಅವನನ್ನು ಔತಣಕ್ಕೆ ಕರೆಯುವನು. ಎಂಟು ಗಂಟೆಗಳ ಊಟ! ಭಕ್ಷ್ಯಗಳ ಪಟ್ಟಿಯನ್ನು ಓದಿ ಹೇಳುವುದೇ ಒಂದು ದೃಶ್ಯವಾಗಿದೆ. ಇಷ್ಟರಲ್ಲಿ ನಮ್ಮ ಸ್ನೇಹಿತರು ಎಚ್ಚರಗೊಂಡು, “ಇದು ನಮ್ಮ ಕಡೆಯ ಲಗ್ನ ಇದ್ದಂಗ ಆಯ್ತಲ್ಲ, ಮುಂದ ಮೂರು ವರ್ಷ ಸಾಲ ತೀರಸೋದು,” ಎಂದರು. ದೋದಾಂಗೂ ಅದು ಹಿಡಿಸುವುದಿಲ್ಲ. ಹೇರಳವಾಗಿತ್ತು, ಕ್ರಮವಿರಲಿಲ್ಲ ಎಂಬುದು ಅವನ ತೀರ್ಮಾನ. ಪ್ರತಿಯಾಗಿ ರಾಜಕುಮಾರನನ್ನು ಕರೆದು ತಾನು ಬಡಿಸುವುದು ಪೊ-ತೊ-ಫ ಎಂಬುದಾಗಿ ನಿಶ್ಚಯಿಸುವನು. ಈ ಹೆಸರಿನ ಅರ್ಥ ಬೆಂಕಿಯ ಮೇಲಿನ ಗಡಿಗೆ. ಮಾಂಸ, ಎಲುಬು, ಗೆಡ್ಡೆಗೆಣಸುಗಳನ್ನು ಒಂದೇ ಗಡಿಗೆಯಲ್ಲಿ ತಾಸುಗಟ್ಟಲೆ ಬೇಯಿಸಿ ಫ್ರಾನ್ಸಿನ ಒಕ್ಕಲುಮಕ್ಕಳೂ ಉಣ್ಣುವ ಮನೆಯ ಅಡಿಗೆ ಅದು.

“ಅಂದರೆ ಭಜ್ಜಿ,” ಎಂದರು ನನ್ನ ತಾಯಿ.

ಬೇರೆ ಸೀಮೆಯ ವಾಚಕರಿಗಾಗಿ ಇದನ್ನು ತುಸು ವಿವರಿಸಬೇಕು. ಬೀದರ, ಭಾಲ್ಕಿ, ಔರಾದ ಕಡೆಗಳಲ್ಲಿ ಭಜ್ಜಿಯೆಂದರೆ ಎಣ್ಣೆಯಲ್ಲಿ ಕರಿದ ತಿಂಡಿಯಲ್ಲ. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ನೈವೇದ್ಯಕ್ಕಿಡುವ ಅಡಿಗೆ. ಹಸಿ ತೊಗರಿಯ ಕಾಳು, ಅವರೆ, ಬಟಾಣಿ, ಹಸಿ ಕಡಲೆ, ಶೇಂಗಾ, ಮೆಂತ್ಯದ ಸೊಪ್ಪು, ಪಾಲಕ, ಬದನೆ, ಗಜ್ಜರಿ, ಆ ಕಾಲಕ್ಕೆ ಹೊಲ ತೋಟಗಳಲ್ಲಿ ಏನೇನು ಸಿಕ್ಕುವುದೋ ಅದೆಲ್ಲವನ್ನೂ ಒಂದೇ ಗಡಿಗೆಗೆ ಹಾಕಿ, ಕಡಲೆಹಿಟ್ಟು ಕಲಸಿ, ಹುಣಿಸೆ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಕೂಡಿಸಿ ಕುದಿಸುವರು. ಜತೆಗೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಮಣ್ಣಿನ ಗಡಿಗೆಯಲ್ಲಿ ಮಜ್ಜಿಗೆಯ ಅಂಬಲಿ. ಆ ದಿನ ಗಂಜಿನಲ್ಲಿ ಯಾವ ವ್ಯವಹಾರವೂ ಮನಸ್ಸಿಗೆ ಹತ್ತುವುದಿಲ್ಲ. ಹೊಲವಿಲ್ಲದವನೂ ಯಾರದಾದರೂ ಹೊಲದಲ್ಲಿ ಉಂಡುಬರುವನು. ಆ ಭಜ್ಜಿಯನ್ನು ಅರಸನಿಗೆ ಬಡಿಸುವೆನೆಂದು ಹೊರಡುವ ಧೈರ್ಯವೇ ಈ ಚಿತ್ರದ ನಡುಭಾಗದ ಹುರುಳು. ಅದು ನಮ್ಮ ಪಡಸಾಲೆಯಲ್ಲಿ ಯಾರಿಗೂ ಅನುವಾದ ಬೇಡದೆ ತಿಳಿಯಿತು. ವೈನಿಯವರು ಸೆರಗನ್ನು ಕೆಳಗೆ ಬಿಟ್ಟು ನೋಡತೊಡಗಿದುದೂ ಅಲ್ಲಿಂದಲೇ.

ಅದಾದಮೇಲೆ ಬಂದ ದೃಶ್ಯವನ್ನು ನಾನು ಮರೆಯಲಾರೆ. ಯೂಜೆನಿ ಅಸ್ವಸ್ಥಳಾಗುವಳು. ದೋದಾಂ ತಾನೇ ಅಡಿಗೆಮನೆಗೆ ಇಳಿದು ಅವಳೊಬ್ಬಳಿಗಾಗಿ ಪಾಕ ಮಾಡುವನು. ಅವಳನ್ನು ಮೇಜಿಗೆ ಕುಳ್ಳಿರಿಸಿ ಒಂದಾದಮೇಲೊಂದು ತಾನೇ ತಂದು ಬಡಿಸುವನು. ನಿಶ್ಚಿತಾರ್ಥದ ಉಂಗುರವನ್ನು ಕೊನೆಯ ಸಿಹಿಯಲ್ಲಿ ಅಡಗಿಸಿಟ್ಟಿರುವನು. ಅವಳು ಉಣ್ಣುವಳು, ಅವನು ನೋಡುವನು. ಇಷ್ಟೇ. ನಮ್ಮ ಮನೆಯಲ್ಲಿ ಆಗ ಒಬ್ಬರೂ ಮಾತನಾಡಲಿಲ್ಲ. ಪರೀಕ್ಷೆಯ ಕಾಗದಗಳು ನಿಂತುಹೋಗಿದ್ದುವು. ನನ್ನ ತಂದೆ ಹೋಗಿ ಒಂಬತ್ತು ವರ್ಷಗಳಾದುವು. ಉಪ್ಪು ಕಡಿಮೆಯಾದ ದಿನ ತಟ್ಟೆಯನ್ನು ಸ್ವಲ್ಪ ಸರಿಸುತ್ತಿದ್ದರು; ಸರಿಯಾದ ದಿನ ಏನೂ ಹೇಳುತ್ತಿರಲಿಲ್ಲ. ಅವರು ಕೆಟ್ಟವರಾಗಿರಲಿಲ್ಲ, ನಮ್ಮ ಓಣಿಯ ಎಲ್ಲರಂತೆಯೇ ಇದ್ದರು. ಹೊರ ಹಳ್ಳಿಗಳಿಂದ ಮಾಲು ತಂದ ರೈತರು ಹತ್ತು ಜನ ಬಂದರೂ ಹದಿನೈದು ಜನ ಬಂದರೂ ಒಳಗೆ ಸುದ್ದಿ ಹೋಗುತ್ತಿತ್ತು, ರೊಟ್ಟಿಯ ಬಡಿತ ಕೇಳುತ್ತಿತ್ತು. ತಾಯಿ ಯಾವಾಗ ಉಣ್ಣುತ್ತಿದ್ದರೆಂಬುದನ್ನು ನಾನು ಕಂಡ ನೆನಪಿಲ್ಲ.

ಯೂಜೆನಿ ಮದುವೆಗೆ ಒಪ್ಪುವಳು. ಆದರೆ ಬಹುಕಾಲ ಬಾಳುವುದಿಲ್ಲ. ಅವಳು ತೀರಿಕೊಂಡ ಬಳಿಕ ದೋದಾಂ ಅನ್ನವನ್ನೇ ಬಿಟ್ಟವನಂತೆ ಇರುವುದೂ, ಪೋಲಿನ್ ಎಂಬ ಚಿಕ್ಕ ಹುಡುಗಿಗೆ ವಿದ್ಯೆ ಕಲಿಸಲು ನಿಲ್ಲುವುದೂ ಮುಂದಿನ ಕಥೆ. ಕಟ್ಟಕಡೆಗೆ, ಅವಳು ಬದುಕಿದ್ದಾಗಿನ ಒಂದು ಗಳಿಗೆಯನ್ನು ಮತ್ತೆ ತೋರಿಸುವರು. ನಾನು ನಿಮಗೆ ಅಡಿಗೆಯವಳೋ, ಹೆಂಡತಿಯೋ ಎಂದು ಅವಳು ಕೇಳುವಳು. ಅಡಿಗೆಯವಳೆಂದು ಅವನು ಉತ್ತರ ಕೊಡುವನು. ಅವಳು ಅವನಿಗೆ ಉಪಕಾರ ಸ್ಮರಿಸುವಳು. ಚಿತ್ರ ಮುಗಿಯಿತು.

ಮುಗಿದುದೇ ತಡ, ನಮ್ಮಲ್ಲಿ ವಾದ ಹತ್ತಿಕೊಂಡಿತು. ಸ್ನೇಹಿತರಿಗೆ ಸಿಟ್ಟೇ ಬಂದಿತ್ತು. “ಇಪ್ಪತ್ತು ವರ್ಷದ ಮ್ಯಾಲ ತಾಳಿ ಕಟ್ಟಿ, ಅಡಿಗಿಯಾಕಿ ಅಂತಾನಲ್ಲ! ಮರ್ಯಾದಿ ಅದನು?” ಎಂದರು. ವೈನಿಯವರೂ ಅದಕ್ಕೆ ತಲೆದೂಗಿದರು. ನಾನೂ ಮೊದಮೊದಲು ಅದೇ ಪಕ್ಷದವನೆಂದು ಒಪ್ಪಿಕೊಳ್ಳಬೇಕು. ಹೆಂಡತಿಯೆಂಬುದು ದೊಡ್ಡ ಪದವಿ, ಅಡಿಗೆಯವಳೆಂಬುದು ಸಣ್ಣದು ಎಂಬುದು ನಮ್ಮ ಹುಟ್ಟಿನಿಂದ ಬಂದ ಗ್ರಹಿಕೆ. ಹುಡುಗನು, ಅವನ ವಯಸ್ಸಿಗೆ ತಕ್ಕಂತೆ, ಇದು ಅತ್ಯುನ್ನತ ಪ್ರೇಮವೆಂದು ಸಾಧಿಸತೊಡಗಿದನು. ಅವಳ ವಿದ್ಯೆಯನ್ನು ಮೊದಲು ಕಂಡವನು ಅವನೊಬ್ಬನೇ ಅಲ್ಲವೇ ಎಂದನು.

ಆಮೇಲೆ ಅದೇ ಹುಡುಗನು ನಗುತ್ತ, ಪ್ರಕಾಶ್ ರಾಜ್ ನಿರ್ದೇಶಿಸಿ ತಾವೇ ಅಭಿನಯಿಸಿದ ನಮ್ಮ ಕನ್ನಡದ ‘ಒಗ್ಗರಣೆ’ಯ (2014) ಸುದ್ದಿ ತೆಗೆದನು. ಅದಕ್ಕೆ ಮೂಲವಾದ ಮಲಯಾಳದ ‘ಸಾಲ್ಟ್ ಎನ್ ಪೆಪ್ಪರ್’ (2011) ಎಂಬುದರಲ್ಲಿ ವರನು ಹೆಣ್ಣು ನೋಡಲು ಹೋಗಿ, ಅಲ್ಲಿಯ ತಿಂಡಿಯ ರುಚಿಗೆ ಮರುಳಾಗಿ, ಹೆಣ್ಣನ್ನು ಬಿಟ್ಟು ಅಡಿಗೆಯವನನ್ನು ಮನೆಗೆ ಕರೆತರುವನು. ಅದನ್ನು ಕೇಳಿ ಎಲ್ಲರೂ ನಕ್ಕೆವು. ನನ್ನ ಮಡದಿ ನಗಲಿಲ್ಲ.

“ಅಡಿಗೆಯವಳಿಗೆ ಸಂಬಳವಿರುತ್ತದೆ,” ಎಂದಳು. “ಯೂಜೆನಿಗೆ ತನ್ನದೊಂದು ಕೋಣೆ ಇತ್ತು. ರಾತ್ರಿ ಬಾಗಿಲು ತೆರೆದಿರಬೇಕೋ ಮುಚ್ಚಿರಬೇಕೋ ಎಂಬುದು ಅವಳ ಇಚ್ಛೆಯಾಗಿತ್ತು. ಹೆಂಡತಿಯಾದರೆ ಅಡಿಗೆ ಹಾಗೆಯೇ ಉಳಿಯುತ್ತದೆ, ಬಾಗಿಲು ಹೋಗುತ್ತದೆ. ಅಷ್ಟು ವರ್ಷ ಒಲ್ಲೆನೆಂದವಳು ಸುಮ್ಮನೆ ಒಲ್ಲೆನೆಂದಳೇ?”

ಸೊಸೆಯ ಈ ಮಾತು ಅತ್ತೆಗೆ ಹಿಡಿಸಲಾರದೆಂದು ನಾನು ಅಂದುಕೊಂಡೆನು. ತಾಯಿ ಬಹಳ ಹೊತ್ತು ಮೊಳಕಾಲನ್ನು ತಿಕ್ಕಿಕೊಳ್ಳುತ್ತ ಕುಳಿತಿದ್ದರು. ಆಮೇಲೆ, “ಅಂವ ಏನು ಅಂದ ಅನ್ನೋದು ಬಿಡ್ರಿ. ಆಕಿ ಕೇಳಿದಳು, ಅಂವ ಹೇಳಿದ. ನನಗ ಕೇಳಬೇಕಂತ ಸುದ್ದಾ ಹೊಳೀಲಿಲ್ಲ,” ಎಂದರು.

ಸ್ನೇಹಿತರು ಚಪ್ಪಲಿ ಮೆಟ್ಟಿಕೊಂಡು ಹೊರಟರು. ವೈನಿಯವರು ಒಲೆಯ ಮೇಲೆ ಹಾಲಿಟ್ಟು ಬಂದಿದ್ದೆನೆಂದು ಎದ್ದುಹೋದರು. ಮಡದಿ ಒಳಗೆ ಹೋಗಿ ತಟ್ಟೆ ಹಾಕಿದ ಸಪ್ಪಳ ಕೇಳಿತು. ಎಂದಿಗಿಂತ ಒಂದು ತಟ್ಟೆ ಹೆಚ್ಚಾಗಿ ಹಾಕಿದ್ದಳು. ತಾಯಿ ನಮ್ಮೊಡನೆ ಕುಳಿತರು. ಕುಳಿತ ಮೇಲೆ ಎರಡು ಸಲ ಎದ್ದರು, ಒಮ್ಮೆ ಉಪ್ಪಿನಕಾಯಿಗೆ, ಒಮ್ಮೆ ನೀರಿಗೆ. ಮೂರನೆಯ ಸಲ ಏಳದಂತೆ ಮೊಮ್ಮಗನು ಸೆರಗನ್ನು ಹಿಡಿದುಕೊಂಡನು.

ಹುಡುಗನು ಊರಿಗೆ ಮರಳುವ ಮುನ್ನ ತಾಯಿ ಆ ಚಿತ್ರವನ್ನು ಮತ್ತೆರಡು ಸಲ ನೋಡಿದರು. ಪೂರ್ತಿ ಅಲ್ಲ, ಮೊದಲಿನ ಅಡಿಗೆಯಷ್ಟೇ. ಪಂಕ್ತಿ ಕೂಡುವ ಹೊತ್ತಿಗೆ ನಿಲ್ಲಿಸೆನ್ನುತ್ತಿದ್ದರು. ಕೊನೆಯ ಭಾಗ ಬೇಡವೆಂದರು. ಆ ತಾಮ್ರದ ಪಾತ್ರೆಗಳಿಗೆ ಕಲಾಯಿ ಯಾರು ಹಾಕುತ್ತಾರೆಂಬ ಅವರ ಪ್ರಶ್ನೆಗೆ ಮಾತ್ರ ನಮ್ಮಲ್ಲಿ ಯಾರೂ ಉತ್ತರ ಹೇಳಲಾರದೆ ಹೋದೆವು.

ಮುಂದೆ ಎಳ್ಳಮಾವಾಸ್ಯೆ ಬಂದಿತು. ಹಿಂದಿನ ರಾತ್ರಿ ಅಂಗಡಿ ಮುಚ್ಚಿ ಬಂದವನ ಮುಂದೆ ತಾಯಿ ಒಂದು ಬುಟ್ಟಿ ಹಸಿ ತೊಗರಿಕಾಯನ್ನು ಇಟ್ಟು, ಸುಲಿ ಎಂದರು. ಎಷ್ಟು ಕ್ವಿಂಟಲ್ ತೊಗರಿಯ ಲೆಕ್ಕ ಬರೆದಿರುವೆನೋ ನಾನರಿಯೆ. ಕಾಯಿ ಸುಲಿದುದು ಅದೇ ಮೊದಲು. ಬುಟ್ಟಿ ಬರಿದಾಗಲು ಎರಡು ತಾಸು ಹಿಡಿದುವು. ಹೆಬ್ಬೆರಳ ಉಗುರಿನಡಿ ಹಸಿರು ಕಟ್ಟಿಕೊಂಡು ನೋಯತೊಡಗಿತ್ತು. ತಾಯಿ ಕಾಳಿನೊಳಗೆ ಕೈಯಾಡಿಸಿ, ಹುಳುಕು ನಾಲ್ಕನ್ನು ಆರಿಸಿ ಬದಿಗಿಟ್ಟು, “ಇನ್ನೊಂದು ಬುಟ್ಟಿ ಅವರಿ ಅದ,” ಎಂದರು.